ಕೂಗು ನಿಂತ ಬ್ರೇಕು

ಮಾರ್ಚ್ 3, ಸೋಮವಾರ

ಎಡಗಡೆ ಮುಂದಿನ ಚಕ್ರ ಮತ್ತೆ ಬಿಚ್ಚಿ ನೋಡಿದೆ. ಬ್ರೇಕ್ ಒತ್ತಿದಾಗಲೆಲ್ಲ ಕೀಚ್ ಅನ್ನುತ್ತದೆ, ಸಣ್ಣಗೆ. ಪ್ಯಾಡ್ ಹೊರತೆಗೆದು ಉಜ್ಜಿ, ಧೂಳು ಊದಿ, ಹಾಗೇ ಕೂರಿಸಿದೆ. ಇನ್ನೂ ಒಂದೆರಡು ತಿಂಗಳು ಬರುತ್ತದೆ. ಹತ್ತೊಂಬತ್ತು ವರ್ಷದ ಪುಟ್ಟ ಕಾರು — ನರಳಾಟ ಇದ್ದದ್ದೇ. ನನಗೂ ಇದೆ.

ಮಗಳು ಕಿಟಕಿಯಿಂದ, "ಅಪ್ಪಾ, ಆ ಡಬ್ಬಾನ ಗುಜರಿಗೆ ಹಾಕಿಬಿಡಿ" ಅಂದಳು. ಅವಳ ಬೇಕರಿ ಪಾಳಿ ಬೆಳಗ್ಗೆ ಐದಕ್ಕೆ ಶುರು. ಮೊಮ್ಮಗಳನ್ನು ಶಾಲೆಗೆ ಬಿಡುವುದು ಈ ಡಬ್ಬಾನೇ ತಾನೆ? ಮಿಲ್ಲಿನ ಮಗ್ಗಗಳ ನಡುವೆ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು ನಾನು. ಸ್ಕ್ರೂಡ್ರೈವರ್ ತುದಿ ಯಂತ್ರಕ್ಕೆ, ಹಿಡಿ ಕಿವಿಗೆ — ಯಾವ ಬೇರಿಂಗ್ ಹೋಗಿದೆ ಅಂತ ನಿಂತಲ್ಲೇ ಹೇಳುತ್ತಿದ್ದೆ.

ಮಾರ್ಚ್ 16

ಹತ್ತು ದಿನ ನೆಗಡಿ, ಜ್ವರ. ಕಿವಿಯೊಳಗೆ ಹತ್ತಿ ತುರುಕಿದ ಹಾಗೆ. ಕಾರು ತೆಗೆಯಲಿಲ್ಲ. ಮಗಳು ಪಾಳಿ ಬದಲಿಸಿಕೊಂಡು ಒದ್ದಾಡಿದಳು. ಇನ್ನೊಮ್ಮೆ ಹೀಗಾದರೆ ಬೇರೆ ಕಡೆ ಕೆಲಸ ನೋಡಿಕೋ ಅಂದಿದ್ದಾರಂತೆ. ಈ ಮನೆ ನಡೆಯುವುದೇ ಆ ಕೆಲಸದಿಂದ. ನಾಳೆಯಿಂದ ನಾನೇ ಬಿಡುತ್ತೇನೆ ಅಂದೆ.

ಮಾರ್ಚ್ 17

ಬ್ರೇಕಿನ ಕೂಗು ನಿಂತಿದೆ! ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ. ಕೈಗುಣ ಇನ್ನೂ ಹೋಗಿಲ್ಲ ನನ್ನದು.

ಪಿಟೀಲು ಹಿಂದಿನ ಸೀಟಿನಲ್ಲಿ ಹಾಡುತ್ತಾ ಇದ್ದಳು. ಮೊಮ್ಮಗಳಿಗೆ ನಾನಿಟ್ಟ ಹೆಸರು ಅದು — ಹುಟ್ಟಿದಾಗಿನಿಂದ ಕೀರಲು ದನಿ. ಈಗ ಏಳು ವರ್ಷ. ದನಿ ಎಷ್ಟು ಮೆತ್ತಗಾಗಿದೆ. ದೊಡ್ಡವಳಾಗುತ್ತಿದ್ದಾಳೆ.

ಮಾರ್ಚ್ 20

ಬ್ರೇಕ್ ಒತ್ತಿದಾಗಲೆಲ್ಲ ಪಿಟೀಲು ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ. ಏನೋ ಹೊಸ ಆಟ. ಕೇಳಿದರೆ ಬಾಯೊಳಗೇ ಏನೋ ಗೊಣಗಿದಳು. ಬಾಯಿಬಿಟ್ಟು ಮಾತಾಡುವುದನ್ನು ಕಲಿಸಬೇಕು ಅವಳಿಗೆ.

ಶಾಲೆ ಗೇಟಿನ ಕಾವಲುಗಾರ ನಕ್ಕು, "ಯಜಮಾನ್ರೇ, ನೀವು ಬರ್ತಾ ಇರೋದು ಮೂರು ರಸ್ತೆ ಆಚೆಗೇ ಗೊತ್ತಾಗುತ್ತೆ" ಅಂದ. ಸಮಯಪಾಲನೆ ಮೆಚ್ಚಿಕೊಂಡ ಅಂದುಕೊಂಡೆ. ಖುಷಿಯಾಯಿತು.

ಮಾರ್ಚ್ 27, ಮಧ್ಯಾಹ್ನ

ಇದನ್ನು ಬರೆದಿಡಬೇಕು.

ಆಯಿಲ್ ಬದಲಿಸಲು ಮೆಕ್ಯಾನಿಕ್ ಹತ್ತಿರ ಹೋಗಿದ್ದೆ. ಮಿಲ್ಲಿನಲ್ಲಿ ನನ್ನ ಕೈಕೆಳಗೆ ಕಲಿತವನು, ಈಗಲೂ ಮೇಸ್ತ್ರಿ ಅಂತಲೇ ಕರೆಯುತ್ತಾನೆ. ಒಂದು ಸುತ್ತು ಓಡಿಸಿ ಬಂದು ಬಾಗಿಲು ತೆಗೆದ.

"ಮೇಸ್ತ್ರೀ, ಎಷ್ಟು ದಿನದಿಂದ ಹೀಗೆ ಕಿರುಚ್ತಾ ಇದೆ?"

"ಏನು ಕಿರುಚುತ್ತೆ? ನಿಂತುಹೋಯ್ತಲ್ಲ."

ನನ್ನ ಮುಖ ನೋಡಿದ. ಮತ್ತೆ ಕೂತು, ನನ್ನ ಮುಂದೆಯೇ ಹತ್ತಡಿ ಓಡಿಸಿ ಬ್ರೇಕ್ ಹಾಕಿದ. ಎಂಜಿನ್ ಗುಡುಗುಡು ಚೆನ್ನಾಗಿ ಕೇಳಿಸಿತು. ಬೇರೇನೂ ಇಲ್ಲ. ಎದುರಿನ ಚಹಾ ಅಂಗಡಿಯಲ್ಲಿ ಇಬ್ಬರು ಮುಖ ಕಿವುಚಿ ಕಿವಿ ಮುಚ್ಚಿಕೊಂಡರು.

ಪ್ಯಾಡ್ ಬಿಚ್ಚಿ ತೋರಿಸಿದ. ಸವೆದು ಕಾಗದದಷ್ಟು ಉಳಿದಿದೆ. ಸವೆದಾಗ ಕೂಗಿ ಹೇಳಲಿ ಅಂತಲೇ ಅದರಲ್ಲಿ ಒಂದು ಸಣ್ಣ ತಗಡು ಇಟ್ಟಿರುತ್ತಾರೆ. ಪಾಪ, ಅದು ದಿನವೂ ಕೂಗಿದೆ.

"ಇನ್ನೊಂದು ವಾರ ಆಗಿದ್ರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕೈಕೊಡ್ತಿತ್ತು" ಅಂದ. ಆಮೇಲೆ ಮೆಲ್ಲಗೆ, "ಮಗು ಕೂರುತ್ತಲ್ಲ ಮೇಸ್ತ್ರಿ ಈ ಕಾರಲ್ಲಿ. ಮನೇಲಿ ಹೇಳಿದ್ದೀರಾ, ಕಿವಿ ವಿಷಯ?"

"ಹೇಳ್ತೀನಿ" ಅಂದೆ.

ಹೊಸ ಪ್ಯಾಡ್ ಹಾಕಿಕೊಟ್ಟ. ಮನೆಗೆ ಬಂದು ಅಲಾರಂ ಗಡಿಯಾರ ಬಾರಿಸಿ ಕಿವಿಗೆ ಒತ್ತಿಕೊಂಡೆ. ಕೆನ್ನೆಗೆ ನಡುಕ ತಿಳಿಯಿತು. ಸದ್ದಿಲ್ಲ. ದಪ್ಪ ದನಿಗಳೆಲ್ಲ ಇವೆ, ತೆಳು ದನಿಗಳು ಹೋಗಿವೆ. ಹಾಗಾದರೆ ಪಿಟೀಲು ದನಿ ಮೆತ್ತಗಾಗಿಲ್ಲ.

ಭಯವಾಗುತ್ತಿದೆ. ತುಂಬಾ.

ಮಾರ್ಚ್ 28

ಹೇಳಲಿಲ್ಲ. ಹೇಳಿದರೆ ಮಗಳು ಆ ಕ್ಷಣವೇ ಕೀ ಕಿತ್ತುಕೊಳ್ಳುತ್ತಾಳೆ. ಆಮೇಲೆ ಅವಳ ಪಾಳಿ? ಕೆಲಸ? ಡಾಕ್ಟರ ಹತ್ತಿರ ಹೋದರೆ ಚೀಟಿ, ಚೀಟಿ ಮನೆಯಲ್ಲಿ ಅವಳ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಸುಳ್ಳೇಕೆ, ಇನ್ನೊಂದೂ ಇದೆ. ಬೆಳಗಿನ ಆ ಇಪ್ಪತ್ತೈದು ನಿಮಿಷ ಪಿಟೀಲು ನನ್ನವಳು. ಅದನ್ನು ಬಿಟ್ಟುಕೊಡುವ ಧೈರ್ಯ ನನಗಿಲ್ಲ.

ಏಪ್ರಿಲ್ 2

ಉಪಾಯ ಹೊಳೆಯಿತು. ಪಿಟೀಲಿಗೆ ನನ್ನ ಸೀಟಿನ ಬೆನ್ನಿಗೆ ಒದೆಯುವ ಚಟ, ಎಷ್ಟೋ ಸಲ ಬೈದಿದ್ದೇನೆ. ಇವತ್ತು ನಾನೇ ಒದೆ ಅಂದೆ. ಹಾರ್ನ್ ಕೇಳಿದರೆ ಒಂದು ಒದೆ, ಸೈರನ್ ಕೇಳಿದರೆ ಎರಡು. ಬೆನ್ನಿಗೆ ಸರಿಯಾಗಿ ತಿಳಿಯುತ್ತದೆ.

"ಯಾಕೆ ತಾತ, ನಿನಗೆ ಕೇಳ್ಸಲ್ವಾ?" ಮುಖ ಹತ್ತಿರ ತಂದು ಕೇಳಿದಳು.

"ಆಟ ಕಣೇ. ಅಮ್ಮಂಗೆ ಹೇಳಬೇಡ, ಹೇಳಿದ್ರೆ ಆಟ ಕೆಡುತ್ತೆ."

ತಲೆಯಾಡಿಸಿದಳು. ನಗಲಿಲ್ಲ.

ಏಪ್ರಿಲ್ 9

ಒಂದೇ ಒಂದು ಹಾರ್ನ್ ಬಿಡುವುದಿಲ್ಲ. ಸೈಕಲ್ ಗಂಟೆಗೂ ಒದೆಯುತ್ತಾಳೆ. ಆದರೆ ಕಾರಿನಲ್ಲಿ ಹಾಡುವುದು ನಿಂತಿದೆ. ಕನ್ನಡಿಯಲ್ಲಿ ನೋಡಿದರೆ ಬಾಯಿ ಬಿಗಿದು, ಕಣ್ಣು ಅರಳಿಸಿ ಕೂತಿರುತ್ತಾಳೆ. ಚಾಕಲೇಟ್ ಕೊಟ್ಟರೆ, "ಇಳಿದ ಮೇಲೆ ತಿಂತೀನಿ. ಕಾಗದ ಬಿಚ್ಚೋ ಸದ್ದಲ್ಲಿ ಬೇರೆ ಸದ್ದು ಕೇಳ್ಸಲ್ಲ" ಅಂದಳು.

ಆಟ ಅಲ್ಲ ಅಂತ ಅವಳಿಗೆ ಗೊತ್ತಾಗಿದೆ.

ಏಪ್ರಿಲ್ 15

ಊಟಕ್ಕೆ ಕೂತಾಗ ಮಗಳು, "ಇವಳಿಗೆ ಏನಾಗಿದೆ ಅಪ್ಪಾ? ಸರಿಯಾಗಿ ನಿದ್ದೇನೇ ಮಾಡ್ತಿಲ್ಲ. ಮಲಗಿದ್ರೂ ಕಾಲು ಒದೀತಾಳೆ. ಒಂದು ಸಲ, ಎರಡು ಸಲ, ಮತ್ತೆ ಒಂದು" ಅಂದಳು.

ಪಿಟೀಲು ನನ್ನನ್ನೇ ನೋಡುತ್ತಿದ್ದಳು. ನಾನು ತಟ್ಟೆ ನೋಡುತ್ತಾ ಕೂತೆ. ಭಯ ನನ್ನದು, ಹೊರುತ್ತಿರುವವಳು ಅವಳು.

ನಾಳೆ ಹೇಳುತ್ತೇನೆ.

ಏಪ್ರಿಲ್ 17, ಬೆಳಗ್ಗೆ 10:20

ನಿನ್ನೆ ಹೇಳಲಿಲ್ಲ.

ಇವತ್ತು ಶಾಲೆಗೆ ಹೋಗುವಾಗ ನಾಲ್ಕು ರಸ್ತೆ ಕೂಡುವಲ್ಲಿ ಹಸಿರು ದೀಪವಿತ್ತು. ಬೆನ್ನಿಗೆ ಒದೆ ಬೀಳಲಿಲ್ಲ. ದಾರಿ ಖಾಲಿ ಅಂತ ಮುಂದೆ ಬಿಟ್ಟೆ. ಬಲಗಡೆ ಕಿಟಕಿ ತುಂಬ ಕೆಂಪು... ಅಗ್ನಿಶಾಮಕದ ಲಾರಿ. ಬ್ರೇಕ್ ಮೇಲೆ ನಿಂತೇಬಿಟ್ಟೆ. ಹೊಸ ಪ್ಯಾಡ್ ಕಚ್ಚಿ ಹಿಡಿಯಿತು. ಒಂದು ಗೇಣು, ಅಷ್ಟೇ, ಅದರ ಬಂಪರಿಗೂ ನಮಗೂ. ಅದು ಹೋದ ಮೇಲೂ ಕಾಲು ತೆಗೆಯಲಾಗಲಿಲ್ಲ.

ತಿರುಗಿ ನೋಡಿದೆ. ಪಿಟೀಲು ಆಗಷ್ಟೇ ಎಚ್ಚರಗೊಂಡಿದ್ದಳು. ಬಾಯಿ ದೊಡ್ಡದಾಗಿ ತೆರೆದು ಅಳುತ್ತಿದ್ದಳು. ಹುಟ್ಟಿದ ದಿನ ಇಡೀ ಆಸ್ಪತ್ರೆಗೆ ಕೇಳಿಸಿದ ಅಳು ಅದು. ನನಗೆ ಏನೂ ಕೇಳಿಸಲಿಲ್ಲ. ಬೆಲ್ಟ್ ಬಿಚ್ಚಿ ಎತ್ತಿಕೊಂಡೆ. ನನ್ನ ಮುಖ ಎರಡೂ ಕೈಯಲ್ಲಿ ಹಿಡಿದು, ತುಟಿ ಕಾಣುವ ಹಾಗೆ, ಒಂದೊಂದೇ ಮಾತು ಹೇಳಿದಳು.

"ನಾನು ಮಲಗಿಬಿಟ್ಟೆ ತಾತ. ತಪ್ಪು ನಂದೇ. ಅಮ್ಮಂಗೆ ಹೇಳಬೇಡ."

ಕಾರು ಅಲ್ಲೇ ಬದಿಗೆ ನಿಲ್ಲಿಸಿ ಶಾಲೆಗೆ ನಡೆದೇ ಹೋದೆವು. ದಾರಿಯುದ್ದಕ್ಕೂ ನನ್ನ ಕೈ ಅಮುಕುತ್ತಿದ್ದಳು — ಒಂದು ಸಲ, ಒಂದು ಸಲ, ಮತ್ತೆ ಒಂದು. ಸಾಕು ಕಂದಾ ಅಂದೆ. ಬಿಡಲಿಲ್ಲ.

ಮಧ್ಯಾಹ್ನ 2:10

ಕಾರು ಇನ್ನೂ ಅಲ್ಲೇ ಇದೆ. ಕೀ ಈ ಪುಟದ ಮೇಲಿದೆ. ಪಾಳಿ ಒಂದಕ್ಕೇ ಮುಗಿಯುತ್ತದೆ, ಮಗಳು ಇಷ್ಟು ಹೊತ್ತಿಗೆ ಬರಬೇಕಿತ್ತು. ಹೇಗೆ ಶುರು ಮಾಡಲಿ? ನೋಡಮ್ಮಾ, ಬ್ರೇಕಿನ ಕೂಗು ನಿಂತಿರಲಿಲ್ಲ... ಬೇಡ. ಪಿಟೀಲು ಯಾಕೆ ಕಾಲು ಒದೀತಾಳೆ ಅಂತ ಕೇಳಿದ್ದೆಯಲ್ಲ... ಹೌದು, ಅಲ್ಲಿಂದಲೇ.

ಪುಟದ ಮೇಲೆ ನೆರಳು ಬಿತ್ತು. ಮಗಳು ಬಂದು ಬೆನ್ನ ಹಿಂದೆ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಾಳೋ. ತುಟಿ ನೋಡಬೇಕು, ತಿರುಗಿ...