ಕಾಣದ ಗ್ರಹ

ಉಮ್ಮಚಗಿ
೧೪-೧೧-೨೦೨೪

ಪ್ರೀತಿಯ ಪರಿಮಳಾ ಅಕ್ಕೋರಿಗೆ ಮಂಜಿಯ ನಮಸ್ಕಾರ.

ಅಕ್ಷರ ಚೆಂದ ಇಲ್ಲ, ತಪ್ಪುಗಳೂ ಇರಬಹುದು. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ಕೈ, ತಿದ್ದಿ ಓದಿಕೊಳ್ಳಿ. ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಬರೆಯಲು ಕೂತವಳು ಪ್ರತಿ ಸಲ ಎದ್ದುಬಿಡುತ್ತಿದ್ದೆ.

ನನ್ನ ಕೂಸು ಕಾವ್ಯಶ್ರೀ ಹೋಗಿ ಇವತ್ತಿಗೆ ಇಪ್ಪತ್ಮೂರು ದಿನ. ಮೂರು ತಿಂಗಳೂ ತುಂಬಿರಲಿಲ್ಲ. ಹೇಗಾಯಿತು ಮಂಜಿ ಎಂದು ಕೇಳಿದ್ದೀರಿ.

ಅಂಗನವಾಡಿಯಲ್ಲಿ ತೂಗಿದಾಗ ಮೊದಲ ತಿಂಗಳು ಚೂರು ಕಡಿಮೆ ಇತ್ತು. ಎರಡನೇ ತಿಂಗಳೂ ಕಾರ್ಡಿನ ಗೆರೆ ಮುಟ್ಟಲಿಲ್ಲ. ಗಂಗಾಂಬಿಕಾ ಟೀಚರು "ಯಲ್ಲಾಪುರದಾಗೆ ಡಾಕ್ಟರಿಗೆ ತೋರ್ಸೇ" ಎಂದರು. ಅತ್ತೆ ಒಪ್ಪಲಿಲ್ಲ. "ಬಾಲಗ್ರಹ ಅದು. ತಕ್ಕಡಿಗೆ ಎಂತ ಗೊತ್ತು? ನನ್ನ ಸುನೀಲನೂ ಹಿಂಗೇ ಸಣಕಲ, ಹಂಚಿಕಡ್ಡಿ ಆಗಿದ್ದ. ದಾರ ಕಟ್ಟಿಸ್ದೆ. ಈಗ ನೋಡು, ಬಾಗ್ಲಲ್ಲಿ ಹಿಡಿಯೂದಿಲ್ಲ!" ನಮ್ಮ ಮನೆಯವರು ತಮ್ಮ ಹೊಟ್ಟೆ ನೋಡಿಕೊಂಡು ನಕ್ಕರು. ನಾನೂ ನಕ್ಕೆ. ಮಗುವಿಗೆ ದಾರ ಕಟ್ಟಿಸಿದೆವು.

ಶಿರಸಿಯಲ್ಲಿ ನಿಮ್ಮ ಮನೆಗೆಲಸಕ್ಕಿದ್ದಾಗ ನಾನು ಕಾಯಿ ತುರಿಯುತ್ತಿದ್ದರೆ ನೀವು ಹೈಸ್ಕೂಲಿನ ಪಾಠವನ್ನು ನನಗೇ ಹೇಳುತ್ತಿದ್ದಿರಿ. ಒಂದು ದಿನ ಗ್ರಹಗಳ ಪಾಠ. ಯುರೇನಸ್ ನ್ಯೂಟನ್ನನ ಲೆಕ್ಕದ ದಾರಿ ಬಿಟ್ಟು ಚೂರು ಸರಿದಿತ್ತು. ಯಾವುದೋ ಕಾಣದ ಗ್ರಹ ಎಳೆಯುತ್ತಿದೆ ಎಂದರು ವಿಜ್ಞಾನಿಗಳು, ಹುಡುಕಿದರೆ ನೆಪ್ಚೂನ್ ಸಿಕ್ಕಿತು. ಆಮೇಲೆ ಬುಧನೂ ತಪ್ಪಿದ, ನೂರು ವರ್ಷಕ್ಕೆ ಕೂದಲೆಳೆಯಷ್ಟು. ಮತ್ತೆ ಅದೇ ಮಾತು, ಕಾಣದ ಗ್ರಹ. ಐವತ್ತು ವರ್ಷ ಹುಡುಕಿದರೂ ಅಲ್ಲಿ ಏನೂ ಇರಲಿಲ್ಲ.

"ಹಂಗಾರೆ ಅಳತೆ ತಪ್ಪಿರ್ಬೇಕು ಅಕ್ಕೋರೆ" ಎಂದಿದ್ದೆ.

"ಥೋ ಹುಚ್ಚಿ, ಅಳತೆ ಸರೀನೇ ಇತ್ತು. ಕಡಿಮೆ ಬಿದ್ದದ್ದು ನ್ಯೂಟನ್ನನ ಲೆಕ್ಕ. ಐನ್‌ಸ್ಟೈನ್ ಬೇರೆ ಲೆಕ್ಕ ಹಾಕಿದ, ಬುಧ ಸರಿಯಾಗಿ ಕೂತ. ಒಂದ್ಸಲ ಗೆದ್ದ ಲೆಕ್ಕ ಬಿಡೂದು ಯಾರಿಗೂ ಕಷ್ಟವೇ" ಎಂದಿರಿ.

ಬಾಲಗ್ರಹ ಎಂಬ ಮಾತಿನಲ್ಲೂ ಗ್ರಹ ಇದೆ ಎಂದು ನನಗೆ ಹೊಳೆದದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಅಷ್ಟರಲ್ಲಿ ಮಗುವಿನ ತುಟಿ ನೀಲಿಯಾಗಿತ್ತು. ಹೃದಯದಲ್ಲಿ ತೂತು ಎಂದರು. "ತಿಂಗಳ ಮೊದ್ಲು ತಂದಿದ್ರೆ ಹುಬ್ಬಳ್ಳಿಗೆ ಕಳಿಸ್ತಿದ್ದೆ. ತೂಕ ಏರ್ಲಿಲ್ಲ ಅಂತ ಯಾರೂ ನೋಡ್ಲಿಲ್ವಾ?" ಎಂದು ಡಾಕ್ಟರು ಕೇಳಿದರು. ಎಲ್ಲರೂ ನೋಡಿದ್ದೆವು.

ಅತ್ತೆಯನ್ನು ಬೈಯಬೇಡಿ. ಅವರು ಸರಿಯಾಗಿ ಉಂಡು ಎಷ್ಟು ದಿನವಾಯಿತೋ. ನನ್ನ ಮುಖ ನೋಡುವುದಿಲ್ಲ, ಕೊಟ್ಟಿಗೆಯಲ್ಲೇ ಕೂತಿರುತ್ತಾರೆ.

ಚಿಕ್ಕವಳು ನಾನು, ನಿಮ್ಮನ್ನು ಹರಸುವಂತಿಲ್ಲ. ನಿಮ್ಮ ಮಂಡಿನೋವು ಇಳಿಯಲಿ ಎಂದು ಚಂದಗುಳಿ ಗಣಪನನ್ನು ಬೇಡಿಕೊಳ್ಳುತ್ತೇನೆ.

ನಿಮ್ಮ
ಮಂಜಿ

ತಾ.ಕ.: ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಎರಡನೇ ಸಲ ತೂಗಿದ ಮರುದಿನ ನೀವು ಫೋನು ಮಾಡಿ "ಹಾಲು ಕುಡಿವಾಗ ಹಣೆ ಬೆವರ್ತದನೆ?" ಎಂದು ಕೇಳಿದ್ದಿರಿ. ಬೆವರುತ್ತಿತ್ತು ಅಕ್ಕೋರೆ, ದಿನವೂ. ನಾನೇ ಒರೆಸುತ್ತಿದ್ದೆ. ಹೃದಯದ ತೊಂದರೆಗೆ ಅದೂ ಒಂದು ಗುರುತು ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ಅತ್ತೆ ಪಕ್ಕದಲ್ಲಿ ನಿಂತಿದ್ದರು. ನಾನು "ಇಲ್ಲ" ಎಂದೆ. ನೀವು "ಹಾಗಾರೆ ಹೆದರಬೇಡ" ಎಂದಿರಿ. ಅತ್ತೆಗೆ ಕೇಳಿಸಿದ್ದು ನನ್ನ "ಇಲ್ಲ" ಒಂದೇ, ನೀವು ಏನು ಕೇಳಿದಿರಿ ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಎದೆಹಾಲು ಇನ್ನೂ ನಿಂತಿಲ್ಲ. ಇವತ್ತು ಬೆಳಿಗ್ಗೆ ಲೋಟಕ್ಕೆ ಹಿಂಡಿ, ಹಿತ್ತಲ ಬಾಳೆಯ ಬುಡಕ್ಕೆ ಹೊಯ್ದು ಬಂದೆ.