ಪಡಸಾಲೆಯ ತಂಪು

ವಿಜಯಪುರ,
ಚೈತ್ರದ ನಲವತ್ತೊಂದನೆಯ ದಿನ, ೨೧೯೪

ನೀಲಮ್ಮಜ್ಜಿಯವರಿಗೆ ನಿಮ್ಮ ಮರಿಮಗಳ ಮೊಮ್ಮಗಳು ಮಹಾನಂದಾ ಮಾಡುವ ನಮಸ್ಕಾರ. ತಾರೀಖು ನೋಡಿ ನಗಬೇಡಿ. ಬಿಸಿಲು ಮುಗಿಯದ ಕಾರಣ ನಮ್ಮವರು ಚೈತ್ರವನ್ನೇ ಹಿಗ್ಗಿಸಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹೊಟ್ಟೆಕಿಚ್ಚು ಮಾತ್ರ ನಿಮ್ಮ ಕಾಲದ್ದೇ, ಅದರ ಅರ್ಥ ಹೇಳಬೇಕಾಗಿಲ್ಲ.

ನೂರೆಪ್ಪತ್ತು ವರ್ಷಗಳ ಹಿಂದಿನ ನಿಮ್ಮ ಕಾಲದಲ್ಲಿ ನೀವು ಈ ವಾರ ಮನೆಗೆ ತಂದಿರುವ ಯಂತ್ರವನ್ನು ನಾವು ಮುಂಗಾಣಿ ಎನ್ನುತ್ತೇವೆ. ನಾಳೆಯ ಬಿಸಿಲು, ಕರೆಂಟಿನ ದರ, ಮನೆಯವರ ರೂಢಿ ಎಲ್ಲವನ್ನೂ ಮೊದಲೇ ಕಂಡು ಅದು ಕೆಲಸ ಮಾಡುತ್ತದೆ. ಕರೆಂಟು ಅಗ್ಗವಿರುವಾಗಲೇ ಗೋಡೆಗಳನ್ನು ತಣಿಸಿಟ್ಟು ಮಧ್ಯಾಹ್ನ ಸುಮ್ಮನಿರುತ್ತದೆ. ನಾನು ಏಳುವಷ್ಟರಲ್ಲಿ ಸ್ನಾನದ ನೀರು ಕಾದಿರುತ್ತದೆ, ಒಂದು ತಂಬಿಗೆಯೂ ಹೆಚ್ಚಿಲ್ಲ. ರೊಟ್ಟಿಯ ಹಂಚು ನನಗೆ ಬೇಕಾದಷ್ಟು ಹೊತ್ತು ಬಿಸಿಯಾಗಿ ತಾನೇ ಆರುತ್ತದೆ. ಓಣಿಯಲ್ಲಿ ಎಲ್ಲರಿಗಿಂತ ಕಡಿಮೆ ಬಿಲ್ಲು ನನ್ನದೇ. ಯುಗಾದಿಗೆ ಕಡಿಮೆ ಬಿಲ್ಲಿನ ಮನೆಗೆಂದು ಓಣಿಯವರು ಕಟ್ಟುವ ಬೇವಿನ ಮಾಲೆ ವರ್ಷವೂ ನನ್ನ ಬಾಗಿಲಿಗೇ.

ಆದರೂ ಎದುರುಮನೆಯ ಸಂಗವ್ವನನ್ನು ಕಂಡರೆ ನನಗೆ ಮೈಯೆಲ್ಲ ಉರಿ. ತನ್ನ ಮನೆಯ ಮುಂಗಾಣಿಯೇ ಬೇಡವೆಂದು ಹೇಳಿದರೂ ಅವಳು ಬಂದವರ ಪಾಲೆಂದು ದಿನಾ ಒಂದು ರೊಟ್ಟಿ ಹೆಚ್ಚು ಬಡಿಯುತ್ತಾಳೆ, ಖಾಲಿ ಪಡಸಾಲೆಯನ್ನೂ ತಂಪಾಗಿಡುತ್ತಾಳೆ. ದುಂದುಗಾತಿ! ಅವಳ ಮನೆಯಲ್ಲಿ ನಗು ನಿಲ್ಲುವುದಿಲ್ಲ. ನಿಮ್ಮ ಮನೆಯೂ ಹಾಗೆಯೇ ಇತ್ತಂತೆ, ಬಾಗಿಲ ಮುಂದೆ ಚಪ್ಪಲಿ ಬಿಡಲು ಜಾಗವಿರಲಿಲ್ಲವಂತೆ. ಸಂಗವ್ವನಿಗಿಂತ ನಿಮ್ಮ ಮೇಲೆಯೇ ನನ್ನ ಹೊಟ್ಟೆಕಿಚ್ಚು ಹೆಚ್ಚು.

ಮೊನ್ನೆ ನನ್ನ ತಂಗಿ ಕಸ್ತೂರಿ, ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದವಳು, ಹೇಳದೆ ಕೇಳದೆ ಮಟಮಟ ಮಧ್ಯಾಹ್ನ ಬಂದಳು. ಪಡಸಾಲೆ ಕಾದು ಕೆಂಡವಾಗಿತ್ತು. ಇಲ್ಲಿಗೆ ಯಾರೂ ಬರುವುದಿಲ್ಲವೆಂದು ಕಂಡುಕೊಂಡ ಮುಂಗಾಣಿ ಅದನ್ನು ತಣಿಸುವುದನ್ನೇ ಬಿಟ್ಟಿತ್ತು. ನಾನೂ ಅಲ್ಲಿ ಕೂತು ಎಷ್ಟು ಕಾಲವಾಗಿತ್ತೋ, ನನಗದು ಗೊತ್ತೇ ಇರಲಿಲ್ಲ. ತಂಪಾದ ಒಳಕೋಣೆಗೆ ಕರೆಯೋಣವೆಂದರೆ ಅಲ್ಲಿ ನನ್ನೊಬ್ಬಳ ಹಾಸಿಗೆಯಷ್ಟೇ ಜಾಗ. ಬುಟ್ಟಿಯಲ್ಲಿ ರೊಟ್ಟಿಯಿಲ್ಲ, ಹಂಚು ಸಂಜೆಯವರೆಗೆ ಬಿಸಿಯಾಗುವುದಿಲ್ಲ.

"ಅಕ್ಕಾ, ನಾ ಬರೂದು ನಿನಗ ಬ್ಯಾಡಾಗಿತ್ತೇನ?" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಹಂಗಲ್ಲವಾ, ಕುಂದ್ರ" ಎಂದೆ. ಅವಳು ಹೊಸ್ತಿಲು ದಾಟಿದ್ದಳು.

ಎದುರಿಗೆ ಸಂಗವ್ವ ನಿಂತಿದ್ದಳು. "ಬಾ ತಂಗೀ, ಬಂದವರ ಪಾಲಿನ ರೊಟ್ಟಿ ಐತಿ" ಎಂದಳು. ನನ್ನ ತಂಗಿ ಅಲ್ಲಿ ಉಂಡು, ಅಲ್ಲಿಂದಲೇ ಊರಿಗೆ ಹೋದಳು.

ಅಜ್ಜಿ, ಮುಂಗಾಣಿ ಕಲಿತದ್ದನ್ನು ಮರೆಯುವುದಿಲ್ಲ. ನೀವು ಈ ವಾರ ಕಲಿಸುವುದೇ ಮಗಳಿಂದ ಮಗಳಿಗೆ ಇಳಿದು ನನ್ನ ಮನೆ ಸೇರಲಿದೆ. ಬಿಲ್ಲು ಇಳಿಯಲಿ, ಬೇಡವೆನ್ನುವುದಿಲ್ಲ. ಆದರೆ ಮನೆಯಲ್ಲಿ ಎಷ್ಟು ಜನವೆಂದು ಅದು ಕೇಳಿದಾಗ ಒಬ್ಬರನ್ನು ಹೆಚ್ಚು ಹೇಳಿ. ಯಾರೆಂದು ಕೇಳಿದರೆ ಕಸ್ತೂರಿ ಎನ್ನಿ.