ವೀಳ್ಯ ಹಿಡಿದ ಕೈ

ಗಿರಿಜಕ್ಕಾ,

ಚೆನ್ನಾಗಿದ್ದೀರಾ ಎಂದು ಕೇಳಲಾರೆ. ನೀವು ಹೋಗಿ ವರ್ಷ ದಾಟಿತು, ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಆ ಲೋಕೇಶನ ಮೇಲೆ ಇರುವಷ್ಟೇ ನಿಮ್ಮ ಮೇಲೂ ಇದೆ. ಅಷ್ಟೊಂದು ಧೈರ್ಯ ನಿಮಗೆ ಯಾಕೆ ಬೇಕಿತ್ತು?

ಹಾಸನದ ಕಾಲೇಜಿನಿಂದ ನಾವು ಆರು ಹುಡುಗಿಯರು ಹೊಳೆನರಸೀಪುರದ ನಿಮ್ಮ ಮಹಿಳಾ ಸಹಾಯ ಕೇಂದ್ರಕ್ಕೆ ಬಂದ ಮೊದಲ ದಿನ ನೆನಪಿದೆಯಾ? ಸಮಾಜಕಾರ್ಯ ಓದುವವರು ವಾರಕ್ಕೆರಡು ದಿನ ನಿಮ್ಮ ಜೊತೆ ಕೆಲಸ ಮಾಡಿ ಕಲಿಯಬೇಕೆಂದು ಕಾಲೇಜಿಗೂ ಕೇಂದ್ರಕ್ಕೂ ಒಪ್ಪಂದವಾಗಿತ್ತು. ನಮ್ಮ ಇಸ್ತ್ರಿ ಮಾಡಿದ ಚೂಡಿದಾರ, ಕುತ್ತಿಗೆಯ ಐಡಿ ಕಾರ್ಡು ನೋಡಿ ನಕ್ಕಿರಿ. "ಮೊದ್ಲು ಸುಮ್ನೆ ಕೂತು ಕೇಳೋದ್ ಕಲೀರಿ. ಕೇಳಿದ್ಮೇಲೂ ಊಟ ಸೇರಿದ್ರೆ ತಿರ್ಗಾ ಬನ್ನಿ" ಎಂದಿರಿ. ಅವತ್ತೇ ಅರಕಲಗೂಡು ಕಡೆಯಿಂದ ಭಾಗ್ಯ ಬಂದಳು. ಗಂಡ ಲೋಕೇಶ ಓಲೆ ಕಿತ್ತ ರಭಸಕ್ಕೆ ಅವಳ ಕಿವಿಯ ಹಾಲೆ ಎರಡು ಸೀಳಾಗಿತ್ತು. ಸೆರಗಿನ ಮೇಲೆ ರಕ್ತ ಒಣಗಿ ಗರಿಗರಿಯಾಗಿತ್ತು. ನನಗೆ ಊಟ ಸೇರಲಿಲ್ಲ ಅಕ್ಕಾ. ಆದರೂ ತಿರುಗಿ ಬಂದೆ.

ರಾಜಿ ಪಂಚಾಯಿತಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಎರಡೂ ಕಡೆಯ ಹಿರಿಯರನ್ನು ಕರೆಸಿ, ಎಲ್ಲರೆದುರು ಲೋಕೇಶನ ಕೈಗೆ ಎಲೆ ಅಡಿಕೆ ಇಟ್ಟಿರಿ. ವೀಳ್ಯ ಹಿಡಿದು ಕೊಟ್ಟ ಮಾತಿಗೆ ನಮ್ಮ ಕಡೆ ಯಾರೂ ತಪ್ಪುವುದಿಲ್ಲ ಎಂದು ನಿಮ್ಮ ನಂಬಿಕೆ. "ಇನ್ಮ್ಯಾಲೆ ಕೈ ಎತ್ತಕಿಲ್ಲ ಕಣಕ್ಕಾ" ಎಂದ ಅವನು. ಪಕ್ಕದಲ್ಲಿದ್ದ ಅವನ ತಂಗಿ ಜ್ಯೋತಿ, "ನಮ್ಮಣ್ಣ ಚಿನ್ನ, ಇವಳ್ದೇ ಬಾಯಿ ಜಾಸ್ತಿ" ಎಂದಳು. ಹೊಡೆಯುವವನ ಜೊತೆ ರಾಜಿ ಮಾಡಿಸಿ ವಾಪಸ್ ಕಳಿಸಬಾರದು ಎಂದು ಕ್ಲಾಸಿನಲ್ಲಿ ಹೇಳಿದ್ದಾರೆ ಎಂದು ನಿಮ್ಮ ಕಿವಿಯಲ್ಲಿ ಹೇಳಿದೆ. "ಲೇ ಸುಮಾ, ನಿಮ್ ಮೇಷ್ಟ್ರಿಗೆ ಪುಸ್ತಕ ಗೊತ್ತು, ನಂಗೆ ಜನ ಗೊತ್ತು ಕಣೆ" ಎಂದಿರಿ. ಭಾಗ್ಯ ತಲೆ ತಗ್ಗಿಸಿಕೊಂಡು ಅವನ ಹಿಂದೆ ಬಸ್ಸು ಹತ್ತಿದಳು.

ಮುಂದಿನ ತಿಂಗಳು ಅವಳು ಮುರಿದ ಮುಂಗೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಾಗ ನಿಮ್ಮ ಮುಖ ನೋಡಲಾಗಲಿಲ್ಲ. ಒನಕೆಯಲ್ಲಿ ಹೊಡೆದಿದ್ದ. "ನನ್ ಮಕಕ್ಕೆ ಬೆಂಕಿ ಆಕ! ವೀಳ್ಯ ನಂಬ್ಕಂಡು ಎಣ್ಣು ಮಗೀನ ಉಲಿ ಬಾಯಿಗ್ ಕೊಟ್ನಲ್ಲೇ! ನಡೀರೇ ಸ್ಟೇಷನ್ಗೆ" ಎಂದು ಎದ್ದಿರಿ. ದೂರು ಕೊಟ್ಟು, ಭಾಗ್ಯಳನ್ನು ಕೇಂದ್ರದಲ್ಲೇ ಉಳಿಸಿಕೊಂಡಿರಿ.

ಪೊಲೀಸರು ಹಿಡಿಯುವ ಮೊದಲೇ ಲೋಕೇಶ ಬಂದ, ಹಾಡಹಗಲು, ಎಳನೀರು ಕೊಚ್ಚುವ ಮಚ್ಚು ಹಿಡಿದು. "ನನ್ ಎಡ್ತಿ ಆಚಿಗ್ ಕಳ್ಸೇ!" ಎಂದು ಕಿರುಚಿದ. ನೀವು ಬಾಗಿಲ ಚೌಕಟ್ಟಿಗೆ ಎರಡೂ ಕೈ ಚಾಚಿ ನಿಂತಿರಿ. "ಕಳ್ಸಲ್ಲ ಕಣ್ಲಾ. ವೀಳ್ಯ ಇಡ್ಕಂಡು ಏನ್ ಬೊಗಳ್ದೆ, ಗ್ಯಾನ ಐತಾ?" ಮೊದಲ ಏಟು ತೋಳಿಗೆ ಬಿತ್ತು. ಆಗಲಾದರೂ ಸರಿಯಬಾರದಿತ್ತೇ? ಎರಡನೆಯದು ಕುತ್ತಿಗೆಗೆ. ನಾನು ಸ್ಟೂಲೆತ್ತಿ ಅವನ ಕೈ ಮೇಲೆ ಅಪ್ಪಳಿಸಿದೆ. ಮೂಳೆ ಮುರಿದ ಸದ್ದು ಕೇಳಿ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮಚ್ಚು ಬಿತ್ತು, ಬೀದಿಯ ಜನ ಅವನನ್ನು ಕೆಡವಿ ತುಳಿದರು. ನಿಮ್ಮ ಕುತ್ತಿಗೆಗೆ ನನ್ನ ವೇಲ್ ಒತ್ತಿ ಹಿಡಿದರೂ ರಕ್ತ ಬೆರಳ ಸಂದಿಯಿಂದ ಬಿಸಿಬಿಸಿಯಾಗಿ ಬರುತ್ತಲೇ ಇತ್ತು. ಹಾಸನದ ದಾರಿಯಲ್ಲಿ, ಆಂಬುಲೆನ್ಸಿನಲ್ಲಿ, "ಆ ಉಡ್ಗಿ..." ಎಂದಿರಿ. ಆಮೇಲೆ ನೀವು...

ನೀವು ಮಣ್ಣಾದ ವಾರವೇ ಜ್ಯೋತಿ ನಾಲ್ಕು ಜನರನ್ನು ಕಟ್ಟಿಕೊಂಡು ಚನ್ನರಾಯಪಟ್ಟಣದ ನಮ್ಮ ಮನೆಗೆ ಬಂದಳು. "ಸಾಕ್ಷಿ ಏಳುದ್ರೆ ನಿಮ್ ಮಗಳ ಮಕಕ್ಕೆ ಆಸಿಡ್ ಬೀಳ್ತದೆ" ಎಂದು ಅಂಗಳದಲ್ಲೇ ಕೂಗಿದಳು. ಅಪ್ಪ ಹೆದರಿದರು. "ಓಗ್ಬೇಡ ಮಗಾ, ಓದಕ್ಕೆ ತಾನೇ ಕಳಿಸಿದ್ದು ನಿನ್ನ?" ಎಂದು ಅತ್ತರು. ಹೋದೆ. ಹಾಸನದ ಕೋರ್ಟಿನಲ್ಲಿ ಅವನ ಕಡೆ ಬೆರಳು ತೋರಿಸಿ ಇವನೇ ಎಂದೆ. ಹೊರಗೆ ಜ್ಯೋತಿ ನನ್ನ ಮುಖಕ್ಕೆ ಉಗಿದಳು. ತೀರ್ಪು ಇನ್ನೂ ಬಂದಿಲ್ಲ, ಅವನು ಜೈಲಿನಲ್ಲಿದ್ದಾನೆ. ಅವನ ಕೈ ಇವತ್ತಿಗೂ ನೆಟ್ಟಗಾಗಿಲ್ಲವಂತೆ, ಒಳ್ಳೆಯದೇ ಆಯಿತು.

ಇನ್ನು ಮಕ್ಕಳನ್ನು ಕೇಂದ್ರಕ್ಕೆ ಕಳಿಸುವುದಿಲ್ಲ ಎಂದು ಪ್ರಿನ್ಸಿಪಾಲರು ಹಟ ಹಿಡಿದಾಗ ಅವರ ಕೋಣೆಯ ಮುಂದೆ ಆರು ಜನವೂ ಕುಳಿತೆವು. ಬಾಗಿಲಿಗೆ ಭದ್ರವಾದ ಅಗುಳಿ, ಪೊಲೀಸರ ಬೀಟು ಇದ್ದರೆ ಸರಿ ಎಂದು ಕೊನೆಗೆ ಒಪ್ಪಿದರು. ಓದು ಮುಗಿಸಿ ನಾನೀಗ ನಿಮ್ಮ ಕೇಂದ್ರದಲ್ಲೇ ಇದ್ದೇನೆ, ಭಾಗ್ಯಳೂ ಇಲ್ಲೇ ಕೆಲಸಕ್ಕಿದ್ದಾಳೆ.

ನಿಮಗೆ ಹೇಳಬೇಕಾದದ್ದು ಇದು. ಮೊನ್ನೆ ಮಧ್ಯಾಹ್ನ ಜ್ಯೋತಿ ಓಡಿಬಂದಳು. ತುಟಿ ಒಡೆದಿತ್ತು, ತಲೆಯಲ್ಲಿ ಒಂದು ಕಡೆ ಕೂದಲು ಕಿತ್ತು ಬಂದು ಚರ್ಮ ಕಾಣುತ್ತಿತ್ತು. ಬೀದಿಯ ತುದಿಯಲ್ಲಿ ಅವಳ ಗಂಡ ದೊಣ್ಣೆ ಹಿಡಿದು ಬರುತ್ತಿದ್ದ. ನಿಮ್ಮಾಣೆ ಅಕ್ಕಾ, ಅವಳ ಕಪಾಳಕ್ಕೆ ಬಾರಿಸಿ ಆಚೆ ನೂಕಬೇಕೆನಿಸಿತು. ಕೈ ಎತ್ತಿಯೂ ಇದ್ದೆ. ಭಾಗ್ಯ ನನ್ನನ್ನು ಪಕ್ಕಕ್ಕೆ ತಳ್ಳಿ, ನಾದಿನಿಯ ರಟ್ಟೆ ಹಿಡಿದು ಒಳಕ್ಕೆಳೆದುಕೊಂಡಳು.

"ಸುಮಾ, ಬಾಗ್ಲಾಕು. ಪೊಲೀಸ್ರಿಗೆ ಫೋನ್ ಮಾಡು. ರಾಜಿ ಗೀಜಿ ಏನೂ ಬ್ಯಾಡ."

ಅಗುಳಿ ಹಾಕಿದೆ. ಅವನು ಆಚೆಯಿಂದ ಒದೆಯುತ್ತಲೇ ಇದ್ದ. ಪೊಲೀಸರು ಬರುವವರೆಗೂ ನಾವು ತೆಗೆಯಲಿಲ್ಲ.

ನಿಮ್ಮ
ಸುಮಾ